ಒಂದೇ ಗೋಡೆ, ಮೂರು ಭೇಟಿ

1922ರ ಶರತ್ಕಾಲದಲ್ಲಿ ಇಪ್ಪತ್ತನಾಲ್ಕು ವರ್ಷದ ಡಚ್ ಯುವಕನೊಬ್ಬ ಸ್ಪೇನಿನ ಗ್ರನಾಡಾ ಪಟ್ಟಣಕ್ಕೆ ಬಂದ. ಹಾರ್ಲೆಮ್ ಊರಿನ ಕಲಾಶಾಲೆಯಲ್ಲಿ ಅವನ ಓದು ಅದೇ ವರ್ಷ ಮುಗಿದಿತ್ತು. ಪಟ್ಟಣದ ಮೇಲಿನ ಗುಡ್ಡದಲ್ಲಿರುವ ಅಲ್ಹಾಂಬ್ರಾ ಅರಮನೆಗೆ ಹೋದ, ಅಲ್ಲಿಯ ಗೋಡೆಗಳ ಬಣ್ಣದ ಬಿಲ್ಲೆಗಳನ್ನು ಬೆರಗಿನಿಂದ ನೋಡಿದ, ಒಂದು ವಿನ್ಯಾಸವನ್ನು ಕುಳಿತು ನಕಲು ಮಾಡಿಕೊಂಡ, ಹೊರಟುಹೋದ. ಮುಂದಿನ ಹದಿಮೂರು ಹದಿನಾಲ್ಕು ವರ್ಷ ಆ ಗೋಡೆಯಿಂದ ಅವನ ಕೆಲಸಕ್ಕೆ ಹೇಳಿಕೊಳ್ಳುವಂಥದ್ದೇನೂ ದಕ್ಕಲಿಲ್ಲ. 1936ರ ಮೇ ತಿಂಗಳಲ್ಲಿ ಅದೇ ಮನುಷ್ಯ ಅದೇ ಗೋಡೆಯ ಮುಂದೆ ಮತ್ತೆ ಬಂದು ಮೂರು ದಿನ ಕುಳಿತ. ಈ ಸಲ ಎದ್ದುಹೋದವನು ಬೇರೆಯೇ ಕಲಾವಿದ. ಹೆಸರು ಎಂ. ಸಿ. ಎಶರ್. ಹೊಲಗಳು ಮೇಲೇರುತ್ತ ಹಕ್ಕಿಗಳಾಗುವ, ಹತ್ತಿದಷ್ಟೂ ಮೊದಲಿದ್ದಲ್ಲಿಗೇ ಬರುವ ಮೆಟ್ಟಿಲುಗಳ ಅವನ ಚಿತ್ರಗಳನ್ನು ನೀವು ಯಾವುದೋ ಗಣಿತ ಪುಸ್ತಕದ ರಕ್ಷಾಪುಟದಲ್ಲೋ ಹಾಸ್ಟೆಲ್ ಕೋಣೆಯ ಪೋಸ್ಟರಿನಲ್ಲೋ ನೋಡಿಯೇ ಇರುತ್ತೀರಿ.

ಗೋಡೆ ಅದೇ, ನೋಡಿದ ಕಣ್ಣೂ ಅದೇ. ಹಾಗಾದರೆ ಮೊದಲ ಸಲ ಆಗದೇ ಹೋದದ್ದು ಎರಡನೆಯ ಸಲ ಹೇಗಾಯಿತು? ವಿನ್ಯಾಸ ಕಲಿಯುವ ಗೆಳೆಯರು 'ಸ್ಫೂರ್ತಿಗಾಗಿ' ಹೊರದೇಶ ಸುತ್ತಿಬರುವ ಮಾತಾಡಿದಾಗಲೆಲ್ಲ ನನಗೆ ಈ ಪ್ರಶ್ನೆ ನೆನಪಾಗುತ್ತದೆ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಧ್ಯಕಾಲದ ಕಟ್ಟಡಗಳ ಅಲಂಕರಣದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಗ್ರನಾಡಾಕ್ಕೆ ಹೋಗಲೆಂದು ಹಾಕಿದ ಪ್ರಯಾಣಧನದ ಅರ್ಜಿ ಎರಡು ಸಲ ವಾಪಸು ಬಂದಿದೆ. ಆ ಗೋಡೆಗಳನ್ನು ನಾನು ಬಲ್ಲದ್ದೆಲ್ಲ ಪುಸ್ತಕಗಳಿಂದ ಮತ್ತು ಲ್ಯಾಪ್‌ಟಾಪ್ ಪರದೆಯಿಂದ. ಹಾಗಾಗಿ ಹೋಗಿ ನೋಡುವುದಕ್ಕೂ ಕುಳಿತಲ್ಲೇ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೆ ಬರಿಯ ತಾತ್ವಿಕ ಪ್ರಶ್ನೆಯಲ್ಲ.

ಮೊದಲು ಗೋಡೆಯ ಬಗ್ಗೆ. ಅಲ್ಹಾಂಬ್ರಾ ನಸ್ರಿದ್ ಸುಲ್ತಾನರ ಕೋಟೆ ಮತ್ತು ಅರಮನೆ. ಕಟ್ಟಲು ಶುರುವಾದದ್ದು 13ನೆಯ ಶತಮಾನದಲ್ಲಿ. ಇವತ್ತು ಜನ ಮುಗಿಬಿದ್ದು ನೋಡುವ ಭಾಗಗಳು ಬಹುಪಾಲು 14ನೆಯ ಶತಮಾನದ ಒಂದನೆಯ ಯೂಸುಫ್ ಮತ್ತು ಐದನೆಯ ಮುಹಮ್ಮದನ ಕಾಲದವು. 1492ರಲ್ಲಿ ಗ್ರನಾಡಾ ಕ್ಯಾಥೊಲಿಕ್ ದೊರೆಗಳಿಗೆ ಶರಣಾಯಿತು, ಅರಮನೆ ಉಳಿಯಿತು. ಅದರ ಒಳಗೋಡೆಗಳ ಮೇಲರ್ಧದಲ್ಲಿ ಗಾರೆಯಲ್ಲಿ ಕೆತ್ತಿದ ಬಳ್ಳಿ ಮತ್ತು ಅಕ್ಷರಗಳು, ಕೆಳಗೆ ಸುಮಾರು ಸೊಂಟ-ಎದೆಯ ಮಟ್ಟದವರೆಗೆ ಬಣ್ಣದ ಬಿಲ್ಲೆಗಳ ಹಾಸು. ಈ ಬಿಲ್ಲೆಗಳು ಚಿತ್ರ ಬರೆದು ಸುಟ್ಟವಲ್ಲ. ಮೆರುಗು ಕೊಟ್ಟು ಸುಟ್ಟ ಒಂದೊಂದೇ ಬಣ್ಣದ ಫಲಕಗಳನ್ನು ಬೇಕಾದ ಆಕಾರಕ್ಕೆ ಕಡಿದು, ಬಿಳಿ, ಕಪ್ಪು, ಹಸಿರು, ನೀಲಿ, ಜೇನುಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಮಾಡಿದವು. ಮೊರಾಕೊದ ಫೆಝ್ ಪಟ್ಟಣದಲ್ಲಿ ಈ ಕಸುಬು ಇಂದಿಗೂ ಬದುಕಿದೆ. ಅಲ್ಲಿಯ ಕೆಲಸಗಾರರು ತುಂಡುಗಳನ್ನು ಬಣ್ಣದ ಮುಖ ಕೆಳಗಾಗಿಸಿ ಜೋಡಿಸುತ್ತಾರೆ. ಅಂದರೆ ವಿನ್ಯಾಸ ಅವರ ಕಣ್ಣೆದುರು ಇರುವುದೇ ಇಲ್ಲ, ತಲೆಯಲ್ಲಿ ಇರಬೇಕು.

ಅಲ್ಹಾಂಬ್ರಾದಲ್ಲಿ ಸ್ಪ್ಯಾನಿಷರು 'ಮೂಳೆ' ಎಂದು ಕರೆಯುವ ಒಂದು ಬಿಲ್ಲೆಯಿದೆ. ಒಂದು ಚೌಕ ತೆಗೆದುಕೊಳ್ಳಿ. ಎಡ ಬಲ ಬದಿಗಳಿಂದ ಒಂದೊಂದು ಚೂರು ಕತ್ತರಿಸಿ, ಅದೇ ಚೂರುಗಳನ್ನು ಮೇಲೆ ಕೆಳಗೆ ಅಂಟಿಸಿ. ಚೌಕದ ವಿಸ್ತಾರ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಆದರೆ ಅದೀಗ ನಡು ಸಣ್ಣಗಾದ ಮೂಳೆಯಂತೆ ಕಾಣುತ್ತದೆ. ಇಂಥದೇ ಇನ್ನೊಂದು ಮೂಳೆಯನ್ನು ಅಡ್ಡ ತಿರುಗಿಸಿ ಪಕ್ಕಕ್ಕಿಟ್ಟರೆ ಇದರ ಉಬ್ಬು ಅದರ ತಗ್ಗಿಗೆ ಸರಿಯಾಗಿ ಕೂತುಕೊಳ್ಳುತ್ತದೆ. ಹೀಗೆ ಇಡುತ್ತ ಹೋದರೆ ಗೋಡೆ ಎಷ್ಟು ದೊಡ್ಡದಿದ್ದರೂ ಎಲ್ಲೂ ಸಂದು ಉಳಿಯುವುದಿಲ್ಲ. ಇಲ್ಲಿ ಕಡಿದದ್ದನ್ನು ಅಲ್ಲಿ ಕೂಡಿಸು, ಅಷ್ಟೇ ಗುಟ್ಟು. ಈ ಮೂಳೆಯನ್ನು ನೆನಪಿನಲ್ಲಿಡಿ, ಎಶರನ ಹಕ್ಕಿ ಮೀನುಗಳೆಲ್ಲ ಇದರಿಂದಲೇ ಹೊರಡುತ್ತವೆ.

ಈ ಗೋಡೆಯನ್ನು ಕೆಲಸದ ಕಣ್ಣಿನಿಂದ ನೋಡಿದವರಲ್ಲಿ ಎಶರ್ ಮೊದಲಿಗನಲ್ಲ. ಅವನಿಗಿಂತ ಎಂಬತ್ತೆಂಟು ವರ್ಷ ಮೊದಲು, 1834ರಲ್ಲಿ, ಇಬ್ಬರು ಯುವ ವಾಸ್ತುಶಿಲ್ಪಿಗಳು ಅಲ್ಲಿಗೆ ಬಂದಿದ್ದರು. ಒಬ್ಬ ಲಂಡನ್ನಿನ ಓವೆನ್ ಜೋನ್ಸ್, ಇಪ್ಪತ್ತೈದು ವರ್ಷದವನು. ಇನ್ನೊಬ್ಬ ಫ್ರಾನ್ಸಿನ ಜೂಲ್ಸ್ ಗೌರಿ. ಇಬ್ಬರೂ ಅಥೆನ್ಸಿನಲ್ಲಿ ಭೇಟಿಯಾಗಿ, ಜೊತೆಯಾಗಿ ಈಜಿಪ್ಟ್ ಮತ್ತು ಕಾನ್‌ಸ್ಟಾಂಟಿನೋಪಲ್ ಸುತ್ತಿ, ಕೊನೆಗೆ ಗ್ರನಾಡಾ ತಲುಪಿದ್ದರು. ಗೌರಿ ಅದಕ್ಕೂ ಮೊದಲು ಗ್ರೀಕ್ ದೇಗುಲಗಳ ಅಮೃತಶಿಲೆ ಮೂಲದಲ್ಲಿ ಬಿಳಿಯಾಗಿರಲಿಲ್ಲ, ಅದಕ್ಕೆ ಗಾಢ ಬಣ್ಣ ಬಳಿದಿದ್ದರು ಎಂದು ತೋರಿಸಲು ಹೊರಟ ಜರ್ಮನ್ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರನ ಜೊತೆ ಕೆಲಸ ಮಾಡಿದ್ದ. ಇದು ಮುಖ್ಯ ಸಂಗತಿ. ಇಬ್ಬರೂ ಅಲ್ಹಾಂಬ್ರಾಕ್ಕೆ ಬಂದದ್ದು ಖಾಲಿ ಕೈಯಲ್ಲಲ್ಲ, ಬಣ್ಣದ ಬಗ್ಗೆ ಒಂದು ಪ್ರಶ್ನೆ ಹೊತ್ತುಕೊಂಡು. ಕಟ್ಟಡಕ್ಕೆ ಬಣ್ಣ ಮೇಲಿನ ಒಡವೆಯೋ ಅಥವಾ ಅದರ ಕಟ್ಟೋಣದ ಭಾಗವೋ ಎಂಬ ಪ್ರಶ್ನೆ.

ಆರು ತಿಂಗಳು ಅವರು ಅರಮನೆಯನ್ನು ಅಳೆದರು, ಬಿಡಿಸಿದರು, ಗಾರೆಯ ಕೆತ್ತನೆಗಳ ಅಚ್ಚು ತೆಗೆದರು. ಆಗ ಕಾಲರಾ ಬಂತು. ಆಗಸ್ಟ್ ತಿಂಗಳಲ್ಲಿ ಗೌರಿ ಗ್ರನಾಡಾದಲ್ಲೇ ಸತ್ತ. ಮೂವತ್ತೊಂದರ ವಯಸ್ಸು. ಜೋನ್ಸ್ ಕಾಗದಗಳನ್ನೆಲ್ಲ ಕಟ್ಟಿಕೊಂಡು ಲಂಡನ್ನಿಗೆ ವಾಪಸಾದ. ಆಮೇಲೆ ಅವನು ಮಾಡಿದ್ದು ಮಾಮೂಲಿ ಪ್ರವಾಸಿಯ ಕೆಲಸವಲ್ಲ. ಆ ಬಣ್ಣಗಳನ್ನು ಅಚ್ಚಿಗೆ ತರಬಲ್ಲ ಮುದ್ರಕರು ಲಂಡನ್ನಿನಲ್ಲಿ ಸಿಗಲಿಲ್ಲ. ತಾನೇ ಮುದ್ರಣಾಲಯ ಹೂಡಿ, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚು ಮಾಡಿ ಒಂದರ ಮೇಲೊಂದು ಕೂಡಿಸಿ ಒತ್ತುವ ವರ್ಣಶಿಲಾಮುದ್ರಣವನ್ನು ಕಲಿತ. 1837ರಲ್ಲಿ ಇನ್ನೊಮ್ಮೆ ಗ್ರನಾಡಾಕ್ಕೆ ಹೋಗಿಬಂದ. ಅಲ್ಹಾಂಬ್ರಾದ ಮೇಲಿನ ಪುಸ್ತಕ 1836ರಿಂದ ಕಂತು ಕಂತಾಗಿ ಹೊರಬರುತ್ತ 1845ರಲ್ಲಿ ಮುಗಿಯಿತು. ಮುಖಪುಟದಲ್ಲಿ ಸತ್ತ ಗೆಳೆಯನ ಹೆಸರೂ ಇದೆ. ಆರು ತಿಂಗಳ ನೋಟಕ್ಕೆ ಹತ್ತು ವರ್ಷಗಳ ಬೆಲೆ.

ಇದರ ಫಲ ಕಂಡದ್ದು 1851ರಲ್ಲಿ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದಾಗ ಅದರ ಒಳಗಿನ ಕಬ್ಬಿಣಕ್ಕೆ ಯಾವ ಬಣ್ಣ ಬಳಿಯಬೇಕೆಂದು ಹೇಳುವ ಕೆಲಸ ಜೋನ್ಸನ ಪಾಲಿಗೆ ಬಂತು. ಅವನು ಅಲ್ಹಾಂಬ್ರಾದ ಒಂದು ನಕ್ಷತ್ರವನ್ನಾಗಲಿ ಒಂದು ಕಮಾನನ್ನಾಗಲಿ ಅಲ್ಲಿ ಅಂಟಿಸಲಿಲ್ಲ. ಬದಲಿಗೆ ಅಲ್ಲಿಂದ ತಾನು ಕಲಿತೆನೆಂದು ನಂಬಿದ್ದ ನಿಯಮವನ್ನು ತಂದ: ಕಣ್ಣಿಗೆ ದೂರ ಸರಿದಂತೆ ಕಾಣುವ ನೀಲಿ ತಗ್ಗಿನ ಭಾಗಗಳಿಗೆ, ಮುಂದೆ ಬಂದಂತೆ ಕಾಣುವ ಹಳದಿ ಉಬ್ಬಿನ ಭಾಗಗಳಿಗೆ, ಎರಡರ ನಡುವಿನದಕ್ಕೆ ಕೆಂಪು. ಪ್ರಮಾಣವೂ ಲೆಕ್ಕದ್ದೇ, ಹಳದಿ ಮೂರು ಪಾಲಾದರೆ ಕೆಂಪು ಐದು, ನೀಲಿ ಎಂಟು. ಬಣ್ಣ ಬಳಿಯುವ ಮೊದಲೇ ಪತ್ರಿಕೆಗಳಲ್ಲಿ ಗೇಲಿ ನಡೆಯಿತು. ಕಟ್ಟಡ ತೆರೆದ ಮೇಲೆ ಸಾವಿರದ ಎಂಟುನೂರು ಅಡಿಗೂ ಮೀರಿದ ಆ ಒಳಾಂಗಣದಲ್ಲಿ ದೂರ ಹೋದಂತೆ ಮೂರೂ ಬಣ್ಣಗಳು ಕರಗಿ ಮಂಜಿನಂತಾಗುವುದನ್ನು ಕಂಡು ಗೇಲಿ ತಗ್ಗಿತು. ಗ್ರನಾಡಾದ ಮಣ್ಣಿನ ಬಿಲ್ಲೆಗೂ ಲಂಡನ್ನಿನ ಎರಕದ ಕಬ್ಬಿಣಕ್ಕೂ ಹೊರಗಣ್ಣಿಗೆ ಏನೂ ಸಂಬಂಧವಿಲ್ಲ. ಪ್ರವಾಸದಿಂದ ಒಬ್ಬ ವಿನ್ಯಾಸಕಾರ ಏನು ತರಬಹುದು ಎನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು. (ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ ಇದೇ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ ಹಿಡಿದದ್ದು. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಸಿಡೆನ್‌ಹ್ಯಾಮಿಗೆ ಸ್ಥಳಾಂತರವಾಗಿದ್ದ ಮೂಲ ಕಟ್ಟಡ ಸುಟ್ಟು ಬೂದಿಯಾದದ್ದು 1936ರ ನವೆಂಬರ್ 30ರಂದು. ನಮ್ಮಲ್ಲಿಗೆ ಬಂದದ್ದು ಆಕಾರ, ಬಣ್ಣದ ನಿಯಮ ಬರಲಿಲ್ಲ.)

ಜೋನ್ಸನ ಇನ್ನೊಂದು ಕೆಲಸ ನನ್ನಂಥ ಮನೆಯಲ್ಲೇ ಕುಳಿತ ನೋಡುಗರಿಗೆ ಸಂಬಂಧಿಸಿದ್ದು. 1856ರಲ್ಲಿ ಅವನು ಅಲಂಕರಣದ ವ್ಯಾಕರಣವೆಂಬ ಅರ್ಥದ ಹೆಸರಿಟ್ಟು ಒಂದು ಭಾರಿ ಗಾತ್ರದ ಪುಸ್ತಕ ತಂದ. ನೂರು ಬಣ್ಣದ ಫಲಕಗಳು, ಇಪ್ಪತ್ತು ಅಧ್ಯಾಯಗಳು, ಮೂವತ್ತೇಳು ಸೂತ್ರಗಳು. ಈಜಿಪ್ಟ್, ಅಸ್ಸೀರಿಯಾ, ಗ್ರೀಸ್, ಪರ್ಷಿಯಾ, ಭಾರತ, ಚೀನಾ, ಎಲ್ಲವೂ ಒಂದೇ ರಟ್ಟಿನೊಳಗೆ. ಪುಟ ತಿರುಗಿಸಿದರೆ ಸಾಕು, ಒಂದು ಮಧ್ಯಾಹ್ನದಲ್ಲಿ ಜಗತ್ತು ಸುತ್ತಬಹುದು. ಇವತ್ತು ಬೆರಳಿನಿಂದ ಪರದೆಯನ್ನು ಮೇಲೆ ತಳ್ಳುತ್ತ ನಾವು ಮಾಡುವುದು ಇದನ್ನೇ. ಅಪಾಯ ಅವನಿಗೂ ಗೊತ್ತಿತ್ತು: ಈ ಆಕಾರಗಳನ್ನು ಕದ್ದು ಮತ್ತೆ ಬಳಸಬೇಡಿ, ಇವು ಯಾವ ನಿಯಮದಿಂದ ಹುಟ್ಟಿದವೋ ಅದನ್ನು ಹಿಡಿಯಿರಿ ಎಂಬ ಅರ್ಥದಲ್ಲಿ ಮುನ್ನುಡಿಯಲ್ಲೇ ಎಚ್ಚರಿಸಿದ್ದಾನೆ. ಜನ ಅದನ್ನು ಓದಿದಂತಿಲ್ಲ. ಆಕಾರಗಳನ್ನು ಧಾರಾಳವಾಗಿ ಎತ್ತಿಕೊಂಡರು. ಓದಿದವರೂ ಇದ್ದರು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಯುವಕನಾಗಿದ್ದಾಗ ಈ ಪುಸ್ತಕದ ಮೇಲೆ ತೆಳುಕಾಗದ ಹರಡಿ ನೂರು ಹಾಳೆಯಷ್ಟು ನಕಲು ತೆಗೆದೆನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನಿಗೆ ಗ್ರನಾಡಾ ಬೇಕಾಗಲಿಲ್ಲ, ಪುಸ್ತಕ ಸಾಕಾಯಿತು. ಆದರೆ ಗಮನಿಸಿ, ರೈಟ್ ಪುಟ ತಿರುಗಿಸಿ ಎದ್ದುಹೋಗಲಿಲ್ಲ. ಕೈಯಿಂದ ಗೆರೆ ಎಳೆದ.

ಜೋನ್ಸ್ ಭಾರತಕ್ಕೆ ಬರಲೇ ಇಲ್ಲ. ಭಾರತದ ಬಗೆಗಿನ ಅವನ ಫಲಕಗಳು 1851ರ ಪ್ರದರ್ಶನಕ್ಕೆ ಬಂದ ವಸ್ತುಗಳು ಮತ್ತು ಲಂಡನ್ನಿನ ಸಂಗ್ರಹಗಳಿಂದ ಆದವು. ಹಿಂದೂ ಅಲಂಕರಣದ ಅಧ್ಯಾಯವಂತೂ ಬಹಳ ಬಡಕಲು. ಸಾಮಗ್ರಿ ಸಿಗಲಿಲ್ಲವೆಂದು ಅವನೇ ಹೇಳುತ್ತಾನೆ. ಆ ಅಧ್ಯಾಯದಲ್ಲಿ ಅವನು ಆತುಕೊಳ್ಳುವ ಹೆಸರು ಒಂದು, ರಾಮ್ ರಾಜ್. ಈ ಹೆಸರು ಕಂಡ ದಿನ ನಾನು ಗ್ರಂಥಾಲಯದಲ್ಲಿ ಕುರ್ಚಿಯಿಂದ ಎದ್ದು ನಿಂತಿದ್ದೆ. ರಾಮ್ ರಾಜ್ ಬೆಂಗಳೂರಿನಲ್ಲಿ ದೇಶೀಯ ನ್ಯಾಯಾಧೀಶನಾಗಿದ್ದವನು, ತಂಜಾವೂರಿನ ಕಡೆಯವನು. 1833ರಲ್ಲಿ ತೀರಿಕೊಂಡ. ಮರುವರ್ಷ, ಅಂದರೆ ಜೋನ್ಸ್ ಮತ್ತು ಗೌರಿ ಗ್ರನಾಡಾದಲ್ಲಿ ಗೋಡೆ ಅಳೆಯುತ್ತಿದ್ದ ಅದೇ 1834ರಲ್ಲಿ, ಹಿಂದೂ ವಾಸ್ತುಶಿಲ್ಪದ ಮೇಲೆ ಅವನು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಚಿತ್ರಫಲಕಗಳ ಸಮೇತ ಪ್ರಕಟಿಸಿತು. ಮಾನಸಾರ ಮುಂತಾದ ಶಿಲ್ಪಶಾಸ್ತ್ರದ ಹಸ್ತಪ್ರತಿಗಳನ್ನು ಹುಡುಕಿ ಅವನು ಓದಲು ಕೂತಾಗ ಎದುರಾದ ತೊಡಕು ನನ್ನ ಪೀಳಿಗೆಯ ಸಂಶೋಧಕರಿಗೂ ಪರಿಚಿತವೇ. ಸಂಸ್ಕೃತ ಬಲ್ಲ ಪಂಡಿತರಿಗೆ ಕಸುಬಿನ ಮಾತುಗಳು ಗೊತ್ತಿಲ್ಲ, ಕಸುಬು ಬಲ್ಲ ಶಿಲ್ಪಿಗಳಿಗೆ ಸಂಸ್ಕೃತ ಗೊತ್ತಿಲ್ಲ. ಅವನು ಶಿಲ್ಪಿಗಳ ನೆರವು ಪಡೆದು, ಗ್ರಂಥದ ಮಾತನ್ನು ಕಣ್ಣೆದುರಿನ ದೇವಾಲಯಗಳ ಪಕ್ಕಕ್ಕಿಟ್ಟು ಅರ್ಥ ಬಿಡಿಸಿದ. ಸಮುದ್ರ ದಾಟದ ಒಬ್ಬ ನ್ಯಾಯಾಧೀಶ ಬೆಂಗಳೂರಿನಲ್ಲಿ ಕುಳಿತು ಹುಡುಕಿದ್ದೂ ಜೋನ್ಸ್ ಹುಡುಕಿದ್ದನ್ನೇ, ಆಕಾರದ ಹಿಂದಿನ ಅಳತೆಯನ್ನು. ಇಬ್ಬರೂ ಮುಖಾಮುಖಿಯಾಗಲಿಲ್ಲ, ಪುಸ್ತಕಗಳು ಆದವು.

ಮತ್ತೆ ಎಶರನ ಕಡೆಗೆ. 1922ರಲ್ಲಿ ಅವನು ಗ್ರನಾಡಾಕ್ಕೆ ಹೋಗುವ ಮೊದಲೇ, ಗುರು ಸಾಮ್ಯುಯೆಲ್ ಯೆಸುರುನ್ ದ ಮೆಸ್ಕಿಟಾನ ಬಳಿ ಕಲಿಯುತ್ತಿದ್ದಾಗಲೇ, ಎಂಟು ಮುಖಗಳು ಒಂದಕ್ಕೊಂದು ಬೆಸೆದುಕೊಂಡು ಸಂದಿಲ್ಲದೆ ಹರಡುವ ಒಂದು ಮರದಚ್ಚಿನ ಚಿತ್ರ ಮಾಡಿದ್ದ. (ಗುರುವಿನ ಮನೆತನ ಪೋರ್ಚುಗಲ್ ಮೂಲದ ಯಹೂದಿಗಳದ್ದು. ಮೆಸ್ಕಿಟಾ ಎಂದರೆ ಪೋರ್ಚುಗೀಸಿನಲ್ಲಿ ಮಸೀದಿ. ಈ ಗುರುವನ್ನು ನಾಜಿಗಳು 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು. ಮನೆಯಲ್ಲಿ ಉಳಿದಿದ್ದ ಅವನ ಚಿತ್ರಗಳನ್ನು ಕಾಪಾಡಿದವರಲ್ಲಿ ಎಶರ್ ಒಬ್ಬ.) ಅಂದರೆ ಸಂದಿಲ್ಲದೆ ತುಂಬುವ ಗೀಳು ಎಶರನಿಗೆ ಮನೆಯಲ್ಲೇ ಹತ್ತಿತ್ತು, ಅಲ್ಹಾಂಬ್ರಾ ಹತ್ತಿಸಿದ್ದಲ್ಲ. ಅಲ್ಲಿ ಅವನಿಗೆ ಸಿಕ್ಕಿದ್ದು ತನ್ನ ಗೀಳು ಆರುನೂರು ವರ್ಷ ಹಳೆಯದೆಂಬ ಸಮಾಧಾನ, ಅಷ್ಟೇ. 1920ರ ದಶಕದ ನಡುವೆ ಪ್ರಾಣಿಗಳ ಆಕಾರ ಬೆಸೆದು ರೇಷ್ಮೆಬಟ್ಟೆಯ ಮೇಲೆ ಒತ್ತಿ ನೋಡಿದ. ಪ್ರಾಣಿಗಳು ವಕ್ರವಾಗಿ ಬಂದವು, ಯಾರೂ ಮೆಚ್ಚಲಿಲ್ಲ, ಕೈಬಿಟ್ಟ. ಹಿಂದಿನ ನಿಯಮ ಅವನಿಗೆ ಗೊತ್ತಿರಲಿಲ್ಲ. ತಡಕಾಡುತ್ತಿದ್ದ.

ಆಮೇಲಿನ ವರ್ಷಗಳು ಇಟಲಿಯಲ್ಲಿ ಕಳೆದವು. ಮದುವೆ, ಮಕ್ಕಳು, ಪ್ರತಿವರ್ಷ ದಕ್ಷಿಣ ಇಟಲಿಯ ಬೆಟ್ಟಗಳಲ್ಲಿ ಕಾಲ್ನಡಿಗೆ, ಬಂಡೆಯ ಮೇಲೆ ಗೂಡುಕಟ್ಟಿದಂಥ ಊರುಗಳ ಚಿತ್ರಗಳು. ಅವು ಚೆನ್ನಾಗಿಯೇ ಇವೆ. ಮುಂದೆ ಬಂದದ್ದು ಬರದೇ ಹೋಗಿದ್ದರೆ ಅವನನ್ನು ಒಬ್ಬ ಒಳ್ಳೆಯ ಭೂದೃಶ್ಯದ ಮುದ್ರಣಕಾರನೆಂದು ನೆನೆಯುತ್ತಿದ್ದೆವು. 1935ರಲ್ಲಿ ಮುಸೊಲಿನಿಯ ಇಟಲಿ ಅವನಿಗೆ ಅಸಹ್ಯವಾಯಿತು. ಶಾಲೆಯಲ್ಲಿ ಪುಟ್ಟ ಮಗನಿಗೆ ಫ್ಯಾಸಿಸ್ಟ್ ಸಮವಸ್ತ್ರ ಹಾಕಿಸಬೇಕೆಂದಾಗ ಸಂಸಾರ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಹೋದ. ಅಲ್ಲಿಯ ಹಿಮ ಅವನಿಗೆ ಹಿಡಿಸಲಿಲ್ಲ. ಬಿಡಿಸಲು ಏನೂ ಇಲ್ಲ, ಎಲ್ಲ ಬಿಳಿ. ಸಮುದ್ರ ಬೇಕೆನಿಸಿತು. ಕೈಯಲ್ಲಿ ಹಣವಿಲ್ಲ. ಆದ್ರಿಯಾ ಎಂಬ ಹಡಗು ಕಂಪನಿಗೆ ಪತ್ರ ಬರೆದ: ನಿಮ್ಮ ಸರಕಿನ ಹಡಗಿನಲ್ಲಿ ನನಗೂ ಹೆಂಡತಿಗೂ ಜಾಗ ಕೊಡಿ, ದಾರಿಯಲ್ಲಿ ಕಂಡದ್ದರ ಚಿತ್ರ ಮಾಡಿ ಅದರ ಪ್ರತಿಗಳನ್ನು ನಿಮಗೆ ಕೊಡುತ್ತೇನೆ. ಯಾರೂ ನಿರೀಕ್ಷಿಸದಂತೆ ಕಂಪನಿ ಒಪ್ಪಿತು. ನನ್ನ ಎರಡು ಅರ್ಜಿಗಳ ಹಿನ್ನೆಲೆಯಲ್ಲಿ ಈ ಪತ್ರವನ್ನು ನಾನು ಎಷ್ಟು ಸಲ ನೆನೆದಿದ್ದೇನೋ!

ಹಾಗೆ 1936ರಲ್ಲಿ ಸ್ಪೇನಿಗೆ ಬಂದ. ಅಂತರ್ಯುದ್ಧ ಹೊತ್ತಿಕೊಳ್ಳಲು ಇನ್ನು ಎರಡು ತಿಂಗಳೂ ಇರಲಿಲ್ಲ. ಕಾರ್ತಹೇನಾ ಬಂದರಿನಲ್ಲಿ ಹಳೆಯ ಕೋಟೆಗೋಡೆ ಬಿಡಿಸುತ್ತ ಕೂತವನನ್ನು ಅನುಮಾನದಿಂದ ಪೊಲೀಸರು ಹಿಡಿದು ಕೂರಿಸಿಕೊಂಡು, ಚಿತ್ರಗಳನ್ನು ಕಸಿದುಕೊಂಡು ಬಿಟ್ಟರಂತೆ. ಅಲ್ಹಾಂಬ್ರಾದಲ್ಲಿ ಅವನೂ ಹೆಂಡತಿ ಯೆಟ್ಟಾಳೂ ಮೂರು ದಿನ ಕುಳಿತು ಬಿಲ್ಲೆಗಳ ವಿನ್ಯಾಸಗಳನ್ನು ಒಂದೊಂದಾಗಿ ನಕಲು ಮಾಡಿದರು. ಆಮೇಲೆ ಕೊರ್ದೋಬಾದ ಮಹಾಮಸೀದಿಯಲ್ಲೂ ಹಾಗೆಯೇ. ಇಲ್ಲೊಂದು ಮಾತು. ಎಶರನ ಜೀವನಕಥೆ ಹೇಳುವವರು ಯೆಟ್ಟಾಳ ಪೆನ್ಸಿಲನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಮೂರು ದಿನ ಅವಳೂ ನಕಲು ಮಾಡಿದಳು.

ನಕಲು ಎಂದರೆ ನಮಗೆ ಕೀಳು ಮಾತು. ಆದರೆ ಚುಕ್ಕಿ ರಂಗೋಲಿ ಹಾಕಿ ಬಲ್ಲವರಿಗೆ ಗೊತ್ತು, ಮುಗಿದ ರಂಗೋಲಿಯನ್ನು ನೋಡುವುದು ಬೇರೆ, ಅದನ್ನು ಹಾಕುವುದು ಬೇರೆ. ಹಾಕಲು ಹೊರಟ ಕೂಡಲೇ ಮೊದಲ ಪ್ರಶ್ನೆ, ಚುಕ್ಕಿ ಎಷ್ಟು, ಎಷ್ಟಕ್ಕೆ ನಿಲ್ಲಿಸಬೇಕು, ಸಾಲುಗಳು ನೇರವೋ ಸಂದುಚುಕ್ಕಿಯೋ? ನೋಡುವವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಗೋಡೆಯ ಒಂದು ಮೊಳವನ್ನು ಚೌಕದ ಹಾಳೆಗೆ ಇಳಿಸಬೇಕಾದರೆ ಎಲ್ಲಿಂದ ಎಲ್ಲಿಯವರೆಗೆ ಒಂದು ಆವರ್ತ, ಅದು ಮುಂದಿನದಕ್ಕೆ ಸರಿಯುತ್ತದೆಯೋ, ತಿರುಗುತ್ತದೆಯೋ, ಕನ್ನಡಿಯಂತೆ ಮಗುಚುತ್ತದೆಯೋ ಎಂದು ತೀರ್ಮಾನಿಸದೆ ಎರಡನೆಯ ಗೆರೆ ಎಳೆಯಲು ಬರುವುದಿಲ್ಲ. 1922ರಲ್ಲಿ ಒಂದು ನಕಲು ಮಾಡಿದವನಿಗೆ ಒಂದು ಚಂದದ ವಿನ್ಯಾಸ ಸಿಕ್ಕಿತ್ತು. 1936ರಲ್ಲಿ ಹತ್ತಾರು ನಕಲುಗಳನ್ನು ಪಕ್ಕಪಕ್ಕ ಇಟ್ಟವನಿಗೆ ಅವುಗಳ ನಡುವಿನ ನೆಂಟಸ್ತಿಕೆ ಕಾಣಿಸತೊಡಗಿತು.

ಆದರೂ ಪ್ರವಾಸ ಅರ್ಧ ಕೆಲಸವನ್ನಷ್ಟೇ ಮಾಡಿತು. ಇನ್ನರ್ಧ ಆದದ್ದು ಮನೆಯಲ್ಲಿ. ಎಶರನ ಅಣ್ಣ ಬೆರೆಂಡ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. 1937ರಲ್ಲಿ ತಮ್ಮನ ಹೊಸ ಚಿತ್ರಗಳನ್ನು ನೋಡಿ ಅವನು, ಇದನ್ನು ಹರಳುಗಳ ಅಧ್ಯಯನದವರು ಆಗಲೇ ಬಿಡಿಸಿಟ್ಟಿದ್ದಾರೆ ಎಂದು ಜರ್ಮನ್ ಸ್ಫಟಿಕವಿಜ್ಞಾನ ಪತ್ರಿಕೆಯ ಕೆಲವು ಲೇಖನಗಳ ಪಟ್ಟಿ ಕೊಟ್ಟ. ಸಮತಲದಲ್ಲಿ ಆವರ್ತಿಸುವ ವಿನ್ಯಾಸಗಳು ಎಷ್ಟೇ ತರಹೇವಾರಿ ಕಂಡರೂ ಸಮ್ಮಿತಿಯ ಲೆಕ್ಕದಲ್ಲಿ ಹದಿನೇಳೇ ಬಗೆ. ರಷ್ಯಾದ ಫ್ಯೊದೊರೊವ್ 1891ರಲ್ಲೇ ಇದನ್ನು ಸಾಧಿಸಿದ್ದ. 1924ರಲ್ಲಿ ಗಣಿತಜ್ಞ ಜಾರ್ಜ್ ಪೋಲ್ಯಾ ಅದನ್ನೇ ತಿರುಗಿ ನಿರೂಪಿಸಿ ಹದಿನೇಳಕ್ಕೂ ಒಂದೊಂದು ಚಿತ್ರ ಕೊಟ್ಟಿದ್ದ. ಎಶರನಿಗೆ ಗಣಿತ ಬರುತ್ತಿರಲಿಲ್ಲ, ಶಾಲೆಯ ಕೊನೆಯ ಪರೀಕ್ಷೆಯಲ್ಲೇ ಫೇಲಾದವನು. ಸೂತ್ರಗಳನ್ನು ಬಿಟ್ಟು ಹದಿನೇಳೂ ಚಿತ್ರಗಳನ್ನು ಕೈಯಿಂದ ನಕಲು ಮಾಡಿದ. ಅಲ್ಹಾಂಬ್ರಾದಲ್ಲಿ ಮಾಡಿದ್ದನ್ನೇ ಪತ್ರಿಕೆಯ ಪುಟದ ಮುಂದೆ ಮಾಡಿದ. ಜಾರುಕನ್ನಡಿ ಎನ್ನಬಹುದಾದ ಸಮ್ಮಿತಿ, ಅಂದರೆ ಒದ್ದೆ ಮರಳಿನಲ್ಲಿ ಎಡಗಾಲು ಬಲಗಾಲಿನ ಗುರುತು ಮುಂದೆ ಮುಂದೆ ಸರಿಯುವಂಥದ್ದು, ಅವನ ನೆಚ್ಚಿನದಾಯಿತು. 1938ರ 'ಹಗಲು ಮತ್ತು ರಾತ್ರಿ'ಯಲ್ಲಿ ಹೊಲಗಳ ಚೌಕಗಳು ಕರಗಿ ಬಿಳಿ ಹಕ್ಕಿ ಬಲಕ್ಕೂ ಕರಿ ಹಕ್ಕಿ ಎಡಕ್ಕೂ ಹಾರುತ್ತವೆ. ಚೌಕದಿಂದ ಒಂದು ಕಡೆ ಕಡಿದದ್ದನ್ನು ಇನ್ನೊಂದು ಕಡೆ ಕೂಡಿಸಿದರೆ ರೆಕ್ಕೆ, ಬಾಲ, ಕೊಕ್ಕು. ಅದೇ ಮೂಳೆ.

ಎಶರನ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಧರ್ಮದ ಕಟ್ಟಳೆಯಿಂದಾಗಿ ಮೂರರು ಬರಿಯ ಜ್ಯಾಮಿತಿಗೆ ಅಂಟಿಕೊಂಡರು, ಜೀವಿಗಳ ಆಕಾರ ಬಳಸಲಿಲ್ಲ, ಅಯ್ಯೋ ಪಾಪ ಎಂಬ ಧಾಟಿಯಲ್ಲಿ ಅವನು ಬರೆದಿದ್ದಾನೆ. ಆ ಅರಮನೆಯ ಅತಿ ಪ್ರಸಿದ್ಧ ಅಂಗಳದಲ್ಲಿ ಹನ್ನೆರಡು ಕಲ್ಲಿನ ಸಿಂಹಗಳು ಕಾರಂಜಿಯ ಬಟ್ಟಲನ್ನು ಹೊತ್ತು ನಿಂತಿವೆ. ಅದೇ ಅಂಗಳದ ಪಕ್ಕದ ಸಭಾಂಗಣದ ಚಾವಣಿಯಲ್ಲಿ ಮನುಷ್ಯರ ಚಿತ್ರಗಳಿವೆ. ಜೀವಿಗಳನ್ನು ಮಾಡಲು ಅವರಿಗೆ ಬರುತ್ತಿರಲಿಲ್ಲ ಎಂದಲ್ಲ, ಬಿಲ್ಲೆಯ ಗೋಡೆಯಲ್ಲಿ ಅವು ಬೇಡವೆಂದುಕೊಂಡರು. ಹಕ್ಕಿಯೆಂದು ಗುರುತಿಸಿದ ಕೂಡಲೇ ಕಣ್ಣು ಅಲ್ಲಿ ನಿಂತುಬಿಡುತ್ತದೆ. ಗುರುತಿಗೆ ಸಿಗದ ಆಕಾರವಾದರೆ ಅದು ಹರಿಯುತ್ತಲೇ ಇರುತ್ತದೆ. ಮೂರು ದಿನ ಆ ಗೋಡೆಯ ಮುಂದೆ ಕೂತವನಿಗೂ ಇದು ಕೊರತೆಯಾಗಿ ಕಂಡಿತಲ್ಲ! ಹೊರದೇಶದ ವಸ್ತುವಿನಿಂದ ತನಗೆ ಬೇಕಾದ್ದನ್ನು ಪಡೆದವನು, ಅದರಲ್ಲಿ ತನಗೆ ಬೇಕಾದ್ದು ಇಲ್ಲದಿದ್ದರೆ ಅದನ್ನು ಅದರ ಬಡತನವೆಂದು ಬರೆದುಬಿಡುತ್ತಾನೆ. ಜೋನ್ಸನೂ ಹೀಗೇ. ತನ್ನ ಪುಸ್ತಕದ ಮೊದಲ ಅಧ್ಯಾಯದ ಜನರನ್ನು ಅವನು ಕರೆದದ್ದು 'ಅನಾಗರಿಕ ಬುಡಕಟ್ಟುಗಳು' ಎಂದು. ಅವರ ವಿನ್ಯಾಸಗಳನ್ನು ಮಾತ್ರ ಮನಸಾರೆ ಹೊಗಳಿದ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಸಿಂಹಗಳ ಕಾರಂಜಿಯ ಬಟ್ಟಲಿನ ಅಂಚಿನಲ್ಲಿ ಕೆತ್ತಿದ ಪದ್ಯ ಯಾರದೆಂದು ನಮಗೆ ಗೊತ್ತು: ಇಬ್ನ್ ಝಮ್ರಕ್, ಐದನೆಯ ಮುಹಮ್ಮದನ ಆಸ್ಥಾನದ ಕವಿ, ಮಂತ್ರಿ. ಗೋಡೆಗಳ ಮೇಲೆ ಸುಲ್ತಾನರ ಹೆಸರುಗಳಿವೆ. ಅಳೆದುಕೊಂಡು ಹೋದ ಜೋನ್ಸನ ಹೆಸರಿದೆ, ಗೌರಿಯ ಹೆಸರಿದೆ, ಎಶರನ ಹೆಸರು ಜಗತ್ತಿಗೇ ಗೊತ್ತು. 1944ರಲ್ಲಿ ಈ ವಿನ್ಯಾಸಗಳ ಸಮ್ಮಿತಿ ಎಣಿಸಿ ಜ್ಯೂರಿಕ್‌ನಲ್ಲಿ ಡಾಕ್ಟರೇಟ್ ಪಡೆದ ಈಡಿತ್ ಮ್ಯುಲರಳ ಹೆಸರಿದೆ. ಹದಿನೇಳು ಬಗೆಯೂ ಅಲ್ಹಾಂಬ್ರಾದಲ್ಲಿವೆಯೇ ಇಲ್ಲವೇ ಎಂದು ಆಮೇಲೆ ದಶಕಗಟ್ಟಲೆ ವಾದಿಸಿದ ಗಣಿತಜ್ಞರ ಹೆಸರುಗಳಿವೆ. ಆ ಮೂಳೆಯ ಬಿಲ್ಲೆಯನ್ನು ಮೊದಲು ಕಡಿದವನದ್ದಿಲ್ಲ. ಅವನಿಗೆ ಹದಿನೇಳರ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿರುವ ಅಗತ್ಯವೂ ಇರಲಿಲ್ಲ. ಚೂರು ಹೆಚ್ಚು ಕಡಿದರೆ ಪಕ್ಕದ್ದು ಕೂರುವುದಿಲ್ಲ ಎಂಬುದು ಅವನ ಉಳಿಗೆ ಗೊತ್ತಿತ್ತು.

ಕಳೆದ ಡಿಸೆಂಬರಿನಲ್ಲಿ, ಎರಡನೆಯ ಅರ್ಜಿ ವಾಪಸು ಬಂದ ಮೇಲೆ, ಗ್ರಾಫ್ ಹಾಳೆಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬೀದರಿನ ಬಸ್ಸು ಹತ್ತಿದೆ. ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿ ಮುಗಿಸಿದ ಮದರಸಾ ಅಲ್ಲಿದೆ. ತನ್ನ ಕಡೆಯ ಮದರಸಾಗಳ ನಕ್ಷೆಯನ್ನು ತಲೆಯಲ್ಲಿ ಹೊತ್ತು ತಂದು ದಖ್ಖನಿನ ಕಲ್ಲಿನಲ್ಲಿ ಇಳಿಸಿದ ಕಟ್ಟಡ ಅದು. ಮೈತುಂಬ ಬಣ್ಣದ ಬಿಲ್ಲೆಗಳಿದ್ದವು. 1696ರಲ್ಲಿ ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಒಂದು ಪಾರ್ಶ್ವ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಅದರ ಸುತ್ತ ಅಂಕುಡೊಂಕಾಗಿ ಸುತ್ತುವ ಬಿಲ್ಲೆಗಳ ಪಟ್ಟಿಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಆ ಮಿನಾರಿನ ನೂರಕ್ಕೂ ಹೆಚ್ಚು ಫೋಟೋಗಳು ವರ್ಷಗಳಿಂದ ನನ್ನ ಫೋನಿನಲ್ಲಿವೆ. ಅಧ್ಯಾಯ ಒಂದರಲ್ಲಿ ಅದರ ವರ್ಣನೆಯನ್ನೂ ಬರೆದು ಕೊಟ್ಟಾಗಿತ್ತು.

ಬಿಡಿಸಲು ಕುಳಿತ ಅರ್ಧ ಗಂಟೆಯಲ್ಲಿ ಸಿಕ್ಕಿಬಿದ್ದೆ. ಚಪ್ಪಟೆ ಗೋಡೆಯ ಮೇಲೆ ಅಂಕುಡೊಂಕು ಎಲ್ಲಿ ಬೇಕಾದರೂ ನಿಲ್ಲಬಹುದು. ಮಿನಾರು ದುಂಡಗಿದೆ; ಸುತ್ತು ಮುಗಿಸಿ ಬಂದ ಪಟ್ಟಿ ಹೊರಟ ಜಾಗದಲ್ಲೇ ಬಂದು ಕೂಡಬೇಕು, ಅರ್ಧ ಏರು ಉಳಿಯುವ ಹಾಗಿಲ್ಲ. ಅಂದರೆ ಕಟ್ಟಿದವನು ಮೊದಲ ಬಿಲ್ಲೆ ಇಡುವ ಮೊದಲೇ ಸುತ್ತಳತೆಯನ್ನು ಭಾಗಿಸಿಕೊಂಡಿರಬೇಕು. ನನ್ನ ನೂರು ಫೋಟೋಗಳಲ್ಲಿ ಈ ಪ್ರಶ್ನೆ ಒಮ್ಮೆಯೂ ಎದ್ದಿರಲಿಲ್ಲ, ಏಕೆಂದರೆ ಫೋಟೋದಲ್ಲಿ ಮಿನಾರಿಗೆ ಬೆನ್ನಿಲ್ಲ. ಎದ್ದು ಕತ್ತು ಮೇಲೆತ್ತಿಕೊಂಡು, ಕಾಣುವಷ್ಟು ಸುತ್ತು ನಡೆಯುತ್ತ ಏರಿಳಿತ ಎಣಿಸಿದೆ. ಎರಡು ಸಲ ಎಣಿಸಿದಾಗ ಎರಡು ಲೆಕ್ಕ ಬಂತು. ಕಾವಲಿನವರು ಏನು ಕಳೆದುಕೊಂಡಿರಿ ಎಂದು ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಮೂರು ಪಟ್ಟಿ ಹಾಳೆಗಿಳಿದಿದ್ದವು. ನಾಲ್ಕನೆಯದರಲ್ಲಿ ಬಿಲ್ಲೆಗಳು ಉದುರಿ ಬರಿಯ ಗಾರೆ ಉಳಿದಿದೆ. ಅಲ್ಲಿ ಏನಿದ್ದಿರಬೇಕೆಂದು ಮೇಲಿನ ಸಾಲುಗಳ ಲೆಕ್ಕ ಹಿಡಿದು ಪೆನ್ಸಿಲಿನಿಂದ ತೆಳುವಾಗಿ ತುಂಬಿಕೊಂಡೆ. ಅಧ್ಯಾಯ ಒಂದನ್ನು ಮಾರ್ಗದರ್ಶಕರಿಂದ ವಾಪಸು ತೆಗೆದುಕೊಂಡಿದ್ದೇನೆ.